ಪಾಚಿ ಮೇಲೆ ಪಿಎಚ್‌ಡಿ ಅಂದ್ರೆ ನಗ್ತಾರೆ

‘ಪಾಚಿಯಾಗ ಏನೈತಿ, ಜಾರಿ ಬೀಳೂದು ಬಿಟ್ರ?’ ಅಂತಾರೆ ನಮ್ಮ ಧಾರವಾಡದ ಕಾಕಾ. ಇದೆ ಕಾಕಾ! ಎಮಿಲಿಯಾನಿಯಾ ಹಕ್ಸ್ಲಿ ಅನ್ನೋ ಕಡಲ ಪಾಚಿ, ಬರಿಗಣ್ಣಿಗೆ ಕಾಣದ್ದು, ಹೆಚ್ಚುಕಡಿಮೆ ದಿನಕ್ಕೊಮ್ಮೆ ಒಡೆದು ಎರಡಾಗುತ್ತದೆ. ಜರ್ಮನಿಯಲ್ಲಿ ಅದನ್ನು ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುವ ನೀರಿನಲ್ಲಿ ಸುಮಾರು 500 ತಲೆಮಾರು ಬೆಳೆಸಿದರು. ಮನುಷ್ಯರಿಗಾದರೆ 10,000 ವರ್ಷದ ಮೇಲಾಗುತ್ತದೆ! 2012ರಲ್ಲಿ ಫಲಿತಾಂಶ ಪ್ರಕಟವಾಯಿತು: ಆ ನೀರಿಗೆ ಒಗ್ಗಿದ ಪಾಚಿ, ಒಗ್ಗದ್ದಕ್ಕಿಂತ ಬೇಗ ಬೆಳೆಯಿತು, ಅದೂ ಒಂದೇ ಕೋಶದಿಂದ ಶುರುವಾಗಿ ಮೊದಲಿಗೆ ಎಲ್ಲವೂ ಒಂದೇ ತರ ಇದ್ದ ತಳಿಯಲ್ಲೂ, ಅಂದರೆ ಡಿಎನ್‌ಎಯಲ್ಲಿ ಹೊಸದಾಗಿ ಆದ ಬದಲಾವಣೆಗಳೇ ಕೈಹಿಡಿದಿದ್ದವು. ಈ ಪಾಚಿ ಮೈಸುತ್ತ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತದೆ; ಆ ನೀರಿನಲ್ಲಿ ಕುಂದಿದ ಆ ಶಕ್ತಿ ಮಾತ್ರ ಪೂರ್ತಿ ಮರಳಲಿಲ್ಲ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ಸುಮ್ನೆ ‘ಪ್ರಕೃತಿ ನೋಡಿಕೊಳ್ಳುತ್ತದೆ’ ಅಂತಾರೆ. ಕಡಲಿನದು ಅದಾಯಿತು. ನಮ್ಮ ಧಾರವಾಡದ ಕೆಲಗೇರಿ ಕೆರೆಯ ಪಾಚಿ ಏಪ್ರಿಲ್ ಬಿಸಿಲಿಗೆ ಹೀಗೇ ಒಗ್ಗುತ್ತದಾ ಅನ್ನೋದು ನನ್ನ ಪಿಎಚ್‌ಡಿ ಪ್ರಶ್ನೆ.