ಕಡಲ ನೀರು ಎಲ್ಲಿಂದ ಬಂತು?

2024ರ ಅಕ್ಟೋಬರ್‌ನಲ್ಲಿ ಒಂದು ಸಂಜೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಸೂರ್ಯ ಮುಳುಗಿದ ಮೇಲೂ ಕಾಯುತ್ತಾ ನಿಂತಿದ್ದೆ, ಪಶ್ಚಿಮದಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಮಸುಕಾಗಿ ಕಂಡಿತು. ಎಂಥಾ ಖುಷಿ! ಧೂಮಕೇತು ಅಂದರೆ ಬರೀ ಬೆಳಕು ಅನ್ನಿಸುತ್ತದೆ ಅಲ್ವಾ? ಆದರೆ ಹ್ಯಾಲಿ ಧೂಮಕೇತುವಿನ ಒಳಗಿನ ಗಟ್ಟಿ ಉಂಡೆ ಇದ್ದಿಲಿಗಿಂತ ಕಪ್ಪು ಅಂತ 1986ರಲ್ಲಿ ಜಿಯೊಟ್ಟೊ ನೌಕೆ ಹತ್ತಿರ ಹೋಗಿ ತೋರಿಸಿತು.

ನನಗೆ ಜಾಸ್ತಿ ಇಷ್ಟ ರೊಸೆಟ್ಟಾ ನೌಕೆ. 2004ರಲ್ಲಿ ಹೊರಟು, ಹತ್ತು ವರ್ಷ ಸಾಗಿ 67ಪಿ ಧೂಮಕೇತು ತಲುಪಿ, ಎರಡು ವರ್ಷ ಅದರ ಜೊತೆಗೇ ಇತ್ತು. ಅಲ್ಲಿನ ನೀರಾವಿಯಲ್ಲಿ ಭಾರದ ಹೈಡ್ರೋಜನ್ (ಮಾಮೂಲಿಗಿಂತ ತೂಕ ಹೆಚ್ಚಿರುವ ಹೈಡ್ರೋಜನ್) ಪ್ರಮಾಣ ನಮ್ಮ ಸಮುದ್ರಕ್ಕಿಂತ ಸುಮಾರು 3 ಪಟ್ಟು ಸಿಕ್ಕಿತು. ಭೂಮಿಗೆ ನೀರು ತಂದದ್ದು ಧೂಮಕೇತುಗಳೇ ಇರಬಹುದು ಅನ್ನುವ ಊಹೆಯಿದೆ, ಹಾಗಿದ್ದರೆ ಎರಡೂ ಕಡೆ ಈ ಪ್ರಮಾಣ ಹೊಂದಬೇಕಿತ್ತು. ಹಾಗಾದರೆ ಈ ಕಡಲಿನ ನೀರು ಅಂಥವುಗಳಿಂದ ಬಂದಿಲ್ಲವೇ? 2024ರಲ್ಲಿ ಅದೇ ಅಳತೆಗಳನ್ನು ಮತ್ತೆ ಜಾಲಾಡಿದವರು, ಧೂಳಿನಿಂದಾಗಿ ಲೆಕ್ಕ ಹೆಚ್ಚು ಬಂದಿರಬಹುದು ಅಂದರು. ನೌಕೆಯ ಕೆಲಸ 2016ರಲ್ಲೇ ಮುಗಿದಿದೆ, ಪ್ರಶ್ನೆ ಇನ್ನೂ ತೆರೆದೇ ಇದೆ.