ಕೊಚ್ಚಿಗೆ ಹಾಯಿದೋಣಿಯಲ್ಲಿ ಹೋಗ್ತೀರಾ? ಯಾರಿಗೂ ಹೇಳಬೇಡಿ

ಫೋರ್ಟ್ ಕೊಚ್ಚಿಯ ಒಂದು ಲಾಡ್ಜಿನ ಕೌಂಟರಿನಲ್ಲಿ ನಾನು ಮಾಡಿದ ತಪ್ಪು ಒಂದೇ. "ಹೇಗೆ ಬಂದಿರಿ?" ಅಂತ ಕೇಳಿದ್ದಕ್ಕೆ ನಿಜ ಹೇಳಿಬಿಟ್ಟೆ. ಗೋವಾದಿಂದ ಹಾಯಿದೋಣಿಯಲ್ಲಿ ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಯಾಟ್ ಅಂದೆ. ಕೋಣೆ 4,500 ರೂಪಾಯಿ ಆಯಿತು.

ಕಿಟಕಿ ಇಲ್ಲ. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಒಂದು ಪೇಂಟ್ ಡಬ್ಬ ಇಟ್ಟಿದ್ದರು. ರಾತ್ರಿಯಿಡೀ ಟಪ್, ಟಪ್. ಬೆಳಿಗ್ಗೆ ಪಕ್ಕದ ಕೋಣೆಯವರು ಸಿಕ್ಕರು. ತ್ರಿಶ್ಶೂರಿನಿಂದ ಬಸ್ಸಲ್ಲಿ ಬಂದವರು. ಅವರಿಗೆ 1,400, ಅದೂ ಕಿಟಕಿ ಸಮೇತ.

ದೋಣಿ ನಮ್ಮ ಭಾವನದ್ದು. ಸೆಕೆಂಡ್ ಹ್ಯಾಂಡ್, 34 ಅಡಿ. ಅದರಲ್ಲಿ ಶ್ರೀಮಂತಿಕೆ ಏನೂ ಇಲ್ಲ. ಮೂರು ಜನ ಮಲಗಿದರೆ ಒಬ್ಬನ ಕಾಲು ಇನ್ನೊಬ್ಬನ ಮೂಗಿಗೆ ತಾಗುತ್ತದೆ. ಆದರೆ "ಯಾಟ್" ಅಂದ ಕೂಡಲೇ ಎದುರಿನವರಿಗೆ ಅಂಬಾನಿ ಕಾಣಿಸ್ತಾರೆ, ಏನು ಮಾಡೋದು.

ಗೋವಾದಿಂದ ಕೊಚ್ಚಿಗೆ ಸುಮಾರು 350 ನಾಟಿಕಲ್ ಮೈಲಿ. ಗಂಟೆಗೆ ಐದು ಮೈಲಿ ಹೋದರೆ ಮೂರು ಹಗಲು, ಮೂರು ರಾತ್ರಿ. ನಾವು ಜನವರಿಯಲ್ಲಿ ಹೋದೆವು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯದು, ಮಳೆಗಾಲದ ಮಾತೇ ಬೇಡ. ರಾತ್ರಿ ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ. ನಡುವೆ ಬೆಳಿಗ್ಗೆ ಎರಡು ಮೂರು ಗಂಟೆ ಗಾಳಿ ಸತ್ತೇ ಹೋಗುತ್ತದೆ. ಆಗ ಇಂಜಿನ್. ಅಂದರೆ ಡೀಸೆಲ್ ನೀವು ಅಂದಾಜು ಮಾಡಿದ್ದಕ್ಕಿಂತ ಜಾಸ್ತಿ ಬೇಕು. ಮೊದಲ ದಿನ ನಾನು ವಾಂತಿ ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ.

ನಿಜವಾದ ಹೆದರಿಕೆ ಅಲೆಯದ್ದಲ್ಲ, ಬಲೆಯದ್ದು. ರಾತ್ರಿ ನಮ್ಮ ಕರಾವಳಿಯ ಉದ್ದಕ್ಕೂ ಬಲೆ ಬಿಟ್ಟಿರುತ್ತಾರೆ. ನೀರಿನ ಮೇಲೆ ಬೆಂಡುಗಳ ಸಾಲು ಮಾತ್ರ, ಅದೂ ಹತ್ತಿರ ಹೋಗುವ ತನಕ ಕಾಣುವುದಿಲ್ಲ. ಯಾರೋ ದೂರದಿಂದ ಟಾರ್ಚ್ ಬೀಸಿದರೆ ಅದು ನಮಸ್ಕಾರ ಅಲ್ಲ, "ಈ ಕಡೆ ಬರಬೇಡ" ಅಂತ. ದೋಣಿಯ ಮುಂದೆ ಒಬ್ಬರು ಟಾರ್ಚ್ ಹಿಡಿದು ಕೂರಲೇಬೇಕು, ಎರಡೆರಡು ಗಂಟೆ ಪಾಳಿ. ಬಲೆ ಅವರ ಹೊಟ್ಟೆಪಾಡು. ತುಂಡು ಮಾಡಿ ಮುಂದೆ ಹೋದರೆ ಬೆನ್ನು ಹತ್ತಿ ಬರುತ್ತಾರೆ, ಬರಬೇಕಾದ್ದೇ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹಗುರ ಮಾಡಬೇಡಿ. ಸ್ಯಾಟಲೈಟ್ ಫೋನ್ ತರಬೇಡಿ. ನಮ್ಮಲ್ಲಿ ಪರವಾನಗಿ ಇಲ್ಲದೆ ತುರಾಯಾ, ಇರಿಡಿಯಂ ಫೋನು ಇಟ್ಟುಕೊಂಡರೆ ಪೊಲೀಸ್ ಕೇಸು. ವಿದೇಶದಲ್ಲಿರುವ ಅಣ್ಣನೋ ತಮ್ಮನೋ "ಸೇಫ್ಟಿಗೆ ಇರಲಿ" ಅಂತ ಕೊಟ್ಟರೂ ಬೇಡ. ದೋಣಿಯ ವಿಎಚ್ಎಫ್ ರೇಡಿಯೋ ಸಾಕು, ಕಡಲಲ್ಲಿ ಎಲ್ಲರೂ ಕಿವಿಗೊಡುವ ಚಾನೆಲ್ 16 ಯಾವಾಗಲೂ ಆನ್ ಇರಲಿ. ಎರಡನೇ ರಾತ್ರಿ ಕೋಸ್ಟ್ ಗಾರ್ಡಿನವರು ಅದರಲ್ಲೇ ಕೂಗಿದರು. ದೋಣಿ ಹೆಸರು, ಎಲ್ಲಿಂದ, ಎಲ್ಲಿಗೆ, ಎಷ್ಟು ಜನ. ಉತ್ತರ ಕೊಟ್ಟೆವು, ಮುಗಿಯಿತು. ಎಲ್ಲರ ಗುರುತಿನ ಚೀಟಿಯ ಪ್ರತಿ ಒಂದೇ ಫೈಲಿನಲ್ಲಿರಲಿ. ವಿದೇಶಿ ಬಾವುಟದ ದೋಣಿಯಾದರೆ ಕಥೆ ಬೇರೆ. ಗೋವಾದಲ್ಲಿ ಮುಗಿಸಿದ ಕಸ್ಟಮ್ಸ್, ಇಮಿಗ್ರೇಷನ್ ಎಲ್ಲ ಕೊಚ್ಚಿಯಲ್ಲಿ ಮತ್ತೆ. ಅದಕ್ಕೆ ಒಂದು ದಿನ ಸುಮ್ನೆ ಬಿಟ್ಟುಬಿಡಿ.

ಬಂದರಿನ ಬಾಯಿಗೆ ಬಂದಾಗ ಬೆಳಿಗ್ಗೆ ಏಳೂವರೆ. ಎಡಕ್ಕೆ ವೈಪಿನ್ ದ್ವೀಪ, ಬಲಕ್ಕೆ ಫೋರ್ಟ್ ಕೊಚ್ಚಿ. ದಡದಲ್ಲಿ ಚೀನಾ ಬಲೆಗಳು ದೊಡ್ಡ ಜೇಡಗಳ ಹಾಗೆ ಬಗ್ಗಿ ನಿಂತಿದ್ದವು. ಪಕ್ಕದಲ್ಲೇ ಡಾಲ್ಫಿನ್ ಬೆನ್ನು ಎದ್ದು ಮುಳುಗಿತು. ಫೋಟೋ ತೆಗೆಯೋಣ ಅಂತ ಫೋನ್ ಎತ್ತಿದೆ. ಆಗಲೇ ಇಂಜಿನ್ ಕೂಗತೊಡಗಿತು. ಬಿಸಿಯಾಗಿದೆ ಅಂತ ಅಲಾರಂ.

ಕಾರಣ ಅಂತರಗಂಗೆ, ನೀರಲ್ಲಿ ತೇಲುವ ಕಳೆ. ಹಿನ್ನೀರಿನ ಕಡೆಯಿಂದ ಚಾಪೆ ಚಾಪೆಯಾಗಿ ತೇಲಿ ಬರುತ್ತದೆ. ಅದು ಇಂಜಿನ್ನಿಗೆ ತಣ್ಣೀರು ಎಳೆಯುವ ತೂತಿಗೆ ಅಂಟಿಕೊಂಡಿತ್ತು. ಹಿಂದಿನಿಂದ ಹಡಗು, ಎದುರಿನಿಂದ ವೈಪಿನ್‌ಗೆ ವಾಹನ ದಾಟಿಸುವ ಜಂಕಾರು. ಭಾವ ಇಂಜಿನ್ ಆಫ್ ಮಾಡಿ, "ಪಟ ಬಿಚ್ಚು ಮಾರಾಯ" ಅಂತ ಕೂಗಿ ಕೆಳಗೆ ಇಳಿದರು. ಫಿಲ್ಟರಿನ ಮುಚ್ಚಳ ತೆಗೆದು ಬೆರಳು ಹಾಕಿ ಎಳೆದರೆ ಕಪ್ಪು ಬೇರು, ಹೆಣ್ಣುಮಕ್ಕಳ ಜಡೆಯ ಹಾಗೆ, ಬರುತ್ತಲೇ ಇದೆ. ಹತ್ತು ನಿಮಿಷ ನಾವು ಬಂದರಿನ ನಡುವೆ ಸುಮ್ಮನೆ ತೇಲಿದೆವು. ಜಂಕಾರಿನ ಮೇಲಿದ್ದ ಬೈಕಿನವರೆಲ್ಲ ನಮ್ಮ ವೀಡಿಯೋ ಮಾಡಿಕೊಂಡರು. ಒಳಗೆ ಬರುವ ಮೊದಲೇ ಆ ಫಿಲ್ಟರ್ ಎಲ್ಲಿದೆ, ಹೇಗೆ ಬಿಚ್ಚೋದು ನೋಡಿಟ್ಟುಕೊಳ್ಳಿ. ಇಳಿತದ ಹೊತ್ತಿನಲ್ಲಿ ನೀರಿನ ಎಳೆತವೂ ಜೋರು. ಭರತ ಇರುವಾಗ ಬನ್ನಿ.

ಹಾಯಿದೋಣಿ ಕಟ್ಟಿ ನಿಲ್ಲಿಸುವ ಮರೀನಾ ಬೋಳ್ಗಾಟ್ಟಿ ದ್ವೀಪದಲ್ಲಿದೆ, 1744ರಲ್ಲಿ ಡಚ್ಚರು ಕಟ್ಟಿದ ಅರಮನೆಯ ಹತ್ತಿರ. ನಿಮ್ಮ ದೋಣಿಗೆ ಎಷ್ಟು ಆಳ ಬೇಕು ಅಂತ ಮೊದಲೇ ಫೋನ್ ಮಾಡಿ ಹೇಳಿ. ಸಂಜೆ ಆರಕ್ಕೆ ಸೊಳ್ಳೆ. ಕೊಚ್ಚಿಯ ಸೊಳ್ಳೆ ಬಗ್ಗೆ ಕೇಳಿದ್ದೆ, ನಂಬಿರಲಿಲ್ಲ. ನಾನು ದೋಣಿ ಬಿಟ್ಟು ಆ ಲಾಡ್ಜಿಗೆ ಓಡಿದ್ದು ಅದಕ್ಕೇ. ಸೊಳ್ಳೆಪರದೆ ತಂದಿದ್ದರೆ 4,500 ಉಳಿಯುತ್ತಿತ್ತು.

ಓಡಾಟಕ್ಕೆ ವಾಟರ್ ಮೆಟ್ರೋ ಹಿಡಿಯಿರಿ. 2023ರಲ್ಲಿ ಶುರುವಾದದ್ದು, ಬೋಟುಗಳನ್ನು ಕಟ್ಟಿದ್ದು ಅಲ್ಲಿನದೇ ಶಿಪ್‌ಯಾರ್ಡ್. ಶಬ್ದವೇ ಇಲ್ಲ, ಏಸಿ ಇದೆ. ಮೂರು ದಿನ ಕುಲುಕಾಡಿ ಬಂದವನಿಗೆ ಅದು ಸ್ವರ್ಗ. ಎರ್ನಾಕುಲಂ ಜೆಟ್ಟಿಯಿಂದ ಸರ್ಕಾರಿ ಬೋಟೂ ಇದೆ, ಹತ್ತು ರೂಪಾಯಿಯೂ ಆಗಲಿಲ್ಲ. ಭಾನುವಾರ ಸಂಜೆ ಮಾತ್ರ ಫೋರ್ಟ್ ಕೊಚ್ಚಿಗೆ ಹೋಗಬೇಡಿ. ನನಗೆ ಜನಜಂಗುಳಿ ಆಗುವುದಿಲ್ಲ, ಅದಕ್ಕೆ ಹೀಗೆ ಹೇಳ್ತೀನಿ. ನಿಮಗೆ ಜಾತ್ರೆ ಇಷ್ಟವಾದರೆ ಹೋಗಿ.

ಚೀನಾ ಬಲೆಯ ಬಳಿ ಮೀನು ಮಾರುತ್ತಾರೆ, "ಇಲ್ಲಿ ತಗೊಳ್ಳಿ, ಅಲ್ಲಿ ಬೇಯಿಸಿ ಕೊಡ್ತಾರೆ" ಅಂತ. ನಾನು ಇಪ್ಪತ್ತು ನಿಮಿಷ ನಿಂತು ನೋಡಿದೆ. ನಾಲ್ಕೈದು ಜನ ಹಗ್ಗ ಎಳೆದರು, ಕಟ್ಟಿದ ಕಲ್ಲುಗಳು ಕೆಳಗಿಳಿದವು, ಬಲೆ ಮೇಲೆದ್ದಿತು. ಒಂದು ಬೊಗಸೆ ಸಣ್ಣ ಮೀನು, ಒಂದು ಏಡಿ, ಮತ್ತೆ ಅದೇ ಅಂತರಗಂಗೆ. ಹಾಗಾದರೆ ಹಲಗೆಯ ಮೇಲೆ ಮಲಗಿರುವ ಆ ಎರಡು ಕೆಜಿ ಅಂಜಲ್ ಎಲ್ಲಿಂದ ಬಂತು? ಕಿವಿರು ಎತ್ತಿ ನೋಡಿದೆ, ಕಂದು ಬಣ್ಣಕ್ಕೆ ತಿರುಗಿತ್ತು. ಕುಮಟೆಯವನಿಗೆ ಇದನ್ನು ಮಾರ್ತೀಯಾ ಅಂತ ಮನಸ್ಸಿನಲ್ಲೇ ಅಂದುಕೊಂಡು ಮುಂದೆ ನಡೆದೆ.

ಊಟಕ್ಕೆ ಮಟ್ಟಾಂಚೇರಿಯ ಚೆರ್ಲಾಯಿ ಕಡೆ ಹೋಗಿ. ಕೊಂಕಣಿ ಮಾತಾಡುವವರ ಬೀದಿಗಳು, ತಿರುಮಲ ದೇವಸ್ವಂ ದೇವಸ್ಥಾನದ ಸುತ್ತ. ಒಂದು ಗಲ್ಲಿಯಲ್ಲಿ ಬೋರ್ಡೇ ಇಲ್ಲದ ಹೋಟೆಲು, ನಾಲ್ಕು ಟೇಬಲ್. ಕುಚ್ಚಲಕ್ಕಿ ಅನ್ನ, ಇಂಗಿನ ಒಗ್ಗರಣೆಯ ಬೇಳೆಸಾರು ದಾಳಿತೋಯ್, ತೊಂಡೆಕಾಯಿ ಪಲ್ಯ ಉಪ್ಕರಿ, ಮಿಡಿ ಉಪ್ಪಿನಕಾಯಿ. ಮೂರು ದಿನ ಬಿಸ್ಕತ್ತು, ನೂಡಲ್ಸ್ ತಿಂದಿದ್ದೆವು. ಮೊದಲ ತುತ್ತಿಗೇ ಭಾವನ ಕಣ್ಣಲ್ಲಿ ನೀರು. ಇಂಗು ಜಾಸ್ತಿಯಾಗಿತ್ತು ಅಂತ ಅವರು ಈಗಲೂ ಹೇಳ್ತಾರೆ. ಸಾರು ಬಡಿಸಿದ ಅಜ್ಜ "ತುಮ್ಮಿ ಖಂಯ್ಚೆ?" ಅಂದರು, ನೀವು ಎಲ್ಲಿಯವರು ಅಂತ. ಅವರ ಕೊಂಕಣಿಯಲ್ಲಿ ಮಲಯಾಳದ ರಾಗ, ನಮ್ಮದರಲ್ಲಿ ಕನ್ನಡದ್ದು. ಬಾಯಿ ತಪ್ಪಿ ಭಾವ ದೋಣಿ ವಿಷಯ ಹೇಳಿಬಿಟ್ಟರು. ನಾನು ಪರ್ಸ್ ಮುಟ್ಟಿ ನೋಡಿಕೊಂಡೆ. ಅಜ್ಜ ನಕ್ಕರು. "ನಮ್ಮ ಹಿರಿಯರೂ ಗೋವಾದಿಂದ ಹಾಗೇ ಬಂದದ್ದು, ಪರಂಗಿಗಳ ಕಾಟ ತಡೆಯಲಾರದೆ" ಅಂದರು. ಊಟಕ್ಕೆ 90 ರೂಪಾಯಿ. ಮತ್ತೆ ಎರಡು ಸಲ ಹೋದೆವು.

ವಾಪಸು ನಾನು ರೈಲಿನಲ್ಲಿ. ಎರ್ನಾಕುಲಂನಲ್ಲಿ ಎರಡು ಸ್ಟೇಷನ್, ಟೌನ್ ಮತ್ತು ಜಂಕ್ಷನ್. ಟಿಕೆಟ್ ಸರಿಯಾಗಿ ನೋಡಿ.

ಭಾವ ದೋಣಿಯಲ್ಲಿ ಹೊರಡುವ ಮುಂಚೆ ಡೀಸೆಲ್ ತರಬೇಕಿತ್ತು. ಬಂದ ದಿನ ಆಟೋದವನು ಪಂಪಿನಿಂದ ಮರೀನಾಕ್ಕೆ 600 ಕಿತ್ತಿದ್ದ. ಈ ಸಲ ಎರಡು ಕ್ಯಾನ್ ಹಿಡಿದು ನಿಂತಾಗ ಬೇರೆ ಆಟೋದವನು ಯಾಕೆ ಅಂತ ಕೇಳಿದ. "ಮದುವೆ ಮನೆ ಜನರೇಟರಿಗೆ" ಅಂದರು ಭಾವ. ಯಾರ ಮದುವೆ ಅಂದ. ತಂಗಿಯದ್ದು ಅಂದರು. ಕ್ಯಾನ್ ಎತ್ತಿಡಲು ಅವನೇ ಇಳಿದು ಬಂದ. 120 ತಗೊಂಡ. ಚಿಲ್ಲರೆ ಕೊಡುವಾಗ, ಹುಡುಗ ಏನು ಕೆಲಸ ಅಂತ ಕೇಳಿದ.

"ಶಿಪ್ಪಿನಲ್ಲಿ" ಅಂದರು ಭಾವ.