ಇನ್‌ಲೇ ನೆಲ: ಬಣ್ಣಕ್ಕಿಂತ ಮೊದಲು ಗಟ್ಟಿತನ ನೋಡಿ

ಬಾಗಲಕೋಟೆ ನವನಗರದಲ್ಲಿ ಮನೆ ಕಟ್ಟಿಸುವವರು ಈಗ ದೇವರ ಕೋಣೆಗೆ ಇನ್‌ಲೇ ನೆಲ ಕೇಳುವುದು ಜಾಸ್ತಿಯಾಗಿದೆ. ಅಂದ್ರೆ ಬಣ್ಣದ ಕಲ್ಲು, ಗಾಜು ಕತ್ತರಿಸಿ ಸಂದಿಲ್ಲದ ಹಾಗೆ ಕೂಡಿಸಿ ಹೂವು, ಬಳ್ಳಿ ಮಾಡುವುದು. ಮೊಬೈಲ್‌ನಲ್ಲಿ ಫೋಟೋ ತೋರಿಸಿ "ಇದರಂಗ ಆಗಬೇಕ್ರಿ" ಅಂತಾರೆ. ಫೋಟೋದಲ್ಲಿ ಬಣ್ಣ ಕಾಣುತ್ತದೆ, ಗಟ್ಟಿತನ ಕಾಣಲ್ಲ. ತಕರಾರು ಶುರುವಾಗುವುದೇ ಅಲ್ಲಿ.

ಈಚೆಗೆ ಬೇರೆಯವರು ಹಾಕಿದ್ದ ನೆಲವೊಂದನ್ನು ನೋಡಲು ಕರೆದಿದ್ದರು. ಇಳಕಲ್ಲಿನ ಕೆಂಪು ಗ್ರಾನೈಟ್ ಹೂವು, ಸುತ್ತ ಬಿಳಿ ಮಾರ್ಬಲ್, ನಡುವೆ ನೀಲಿ ಗಾಜು. ಚೆಂದವೇ ಇತ್ತು. "ಅಡ್ಡಾಡಿದ್ರ ಹೂವು ಕಾಲಿಗೆ ಹತ್ತತೈತ್ರಿ, ಯಾಕ?" ಅಂದರು ಮನೆಯ ಅಮ್ಮಾರು. ಕೈ ಸವರಿದೆ. ಗ್ರಾನೈಟ್ ಕೂದಲೆಳೆಯಷ್ಟು ಎದ್ದಿತ್ತು, ಮಾರ್ಬಲ್ ತಗ್ಗಾಗಿತ್ತು. ಕಲ್ಲಿನ ಗಟ್ಟಿತನಕ್ಕೆ 1ರಿಂದ 10ರ ತನಕ ಅಂಕ ಕೊಡುವ ಮೋಸ್ (Mohs) ಅಳತೆಯಲ್ಲಿ ಮಾರ್ಬಲ್ 3ರ ಆಸುಪಾಸು, ಗಾಜು ಸುಮಾರು 5.5, ಗ್ರಾನೈಟ್ 6ರಿಂದ 7. ಮೂರರ ಮೇಲೂ ಒಂದೇ ಪಾಲಿಶ್ ಮಷಿನ್ ಓಡಿಸಿದರೆ ಮೆತ್ತಗಿದ್ದದ್ದು ಮೊದಲು ಸವೆಯುತ್ತದೆ. ಸಾಲದ್ದಕ್ಕೆ ಸಿಮೆಂಟ್ ಕಲೆ ಹೋಗಲಿ ಅಂತ ಆಸಿಡ್ ಬೇರೆ ಹಾಕಿದ್ದರು. ಗ್ರಾನೈಟ್, ಗಾಜು ತಡೆದುಕೊಂಡವು. ಮಾರ್ಬಲ್ ಸುಣ್ಣದ ಜಾತಿ, ಅದರ ಹೊಳಪೆಲ್ಲ ಹೋಗಿತ್ತು.

ಹಾಗಾಗಿ ನಾನು ಗ್ರಾನೈಟಿಗೆ ಗ್ರಾನೈಟನ್ನೇ, ಬಿಳಿ ಮಾರ್ಬಲ್‌ಗೆ ಕಪ್ಪು ಕಡಪಾ ತರಹದ ಸುಣ್ಣಕಲ್ಲನ್ನೇ ಜೋಡಿ ಮಾಡುತ್ತೇನೆ. ಬೆರೆಸಲೇಬೇಕು ಅಂದರೆ ಪ್ರತಿ ತುಂಡನ್ನೂ ಮೊದಲೇ ಪಾಲಿಶ್ ಮಾಡಿ, ಮಟ್ಟ ನೋಡಿ ಕೂರಿಸಿ, ಆಮೇಲೆ ಮಷಿನ್ ಮುಟ್ಟಿಸುವುದಿಲ್ಲ. ಸಮಯ ಜಾಸ್ತಿ ಹಿಡಿಯುತ್ತದೆ, ರೇಟೂ ಹಾಗೇ; ಮೊದಲೇ ಹೇಳಿಬಿಡುತ್ತೇನೆ.

ಬೆರೆಸುವುದು ಹಳೇ ಚಾಳಿಯೇ ಬಿಡಿ. 12, 13ನೇ ಶತಮಾನದ ರೋಮ್‌ನಲ್ಲಿ ಕೊಸ್ಮಾತಿ ಮನೆತನದವರು ಇದೇ ಕಸುಬಿನಲ್ಲಿ ಹೆಸರಾದವರು. ಪುರಾತನ ರೋಮನ್ ಕಟ್ಟಡಗಳ ಪಾರ್ಫಿರಿ ಅನ್ನುವ ಗಟ್ಟಿ ಕಲ್ಲಿನ ಕಂಬಗಳನ್ನು ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡ ಕೊಯ್ದು ದುಂಡು ಬಿಲ್ಲೆ ಮಾಡುತ್ತಿದ್ದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನಲ್ಲಿ ಅದೇ ಶೈಲಿಯ 1268ರ ನೆಲ ಇವತ್ತಿಗೂ ಇದೆ: ಕೆನ್ನೇರಳೆ ಪಾರ್ಫಿರಿ, ಬಣ್ಣದ ಗಾಜು, ಸುತ್ತ ಪರ್ಬೆಕ್ ಅನ್ನುವ ಸುಣ್ಣಕಲ್ಲು. ಅಲ್ಲೂ ಗಟ್ಟಿ, ಮೆತ್ತಗೆ ಎರಡೂ ಇವೆ. ಆದರೆ ಅವರ ಹತ್ತಿರ ಕರೆಂಟಿನ ಮಷಿನ್ ಇರಲಿಲ್ಲ ಅಲ್ವಾ!

ಇನ್ನು ಗಾಜು. ಅದು ನೀರು ಕುಡಿಯಲ್ಲ, ಸಾದಾ ಸಿಮೆಂಟ್ ಸರಿಯಾಗಿ ಹಿಡಿಯಲ್ಲ; ಗಾಜಿಗೆ ಅಂತಲೇ ಬರುವ ಬಿಳಿ ಗಮ್ ಬೇಕು. ಪಾರದರ್ಶಕ ಗಾಜಾದರೆ ಹಿಂದಿನ ಗಮ್ಮಿನ ಗೆರೆಗೆರೆ ಎಲ್ಲಾ ಮೇಲೆ ಕಾಣುತ್ತದೆ, ಅದಕ್ಕೇ ನಾನು ಬೆಳಕು ಹಾಯದ ಗಾಜನ್ನೇ ತರಿಸುತ್ತೇನೆ. ಕಾಲಡಿಯ ಮರಳಿಗೆ ಗೀರು ಬೀಳುವುದರಿಂದ ಅದನ್ನು ಬಾಗಿಲ ಹತ್ತಿರ ಇಡದೆ ಗೋಡೆ ಅಂಚಿನ ಪಟ್ಟಿಗೆ ಇಟ್ಟುಕೊಳ್ಳಿ.